‘ಅವರೊಬ್ಬರೇ ಹೋಗಿದ್ರೆ ಆಗ್ತಿರಲಿಲ್ವಾ?’

ಎರಡು ವರ್ಷದಿಂದ ಇದೇ ಪ್ರಶ್ನೆ. ನನ್ನ ಗಂಡನಿಗೆ ಹುಬ್ಬಳ್ಳಿಯಿಂದ ಗುವಾಹಟಿಗೆ ಟ್ರಾನ್ಸ್‌ಫರ್ ಆಯಿತು. ನಾನು, ಹನ್ನೆರಡರ ಮಗ, ಎಂಟರ ಮಗಳು ಜೊತೆಗೆ ಹೊರಟೆವು. ನಡೆದದ್ದು ಇಷ್ಟೇ. ಮದುವೆಮನೆ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ, ಫೋನಿನಲ್ಲೂ ಕೇಳುತ್ತಾರೆ. "ನಾಲ್ಕು ವರ್ಷದ ಮಾತು. ಅವರೊಬ್ಬರೇ ಹೋಗಿದ್ರೆ ಆಗ್ತಿರಲಿಲ್ವಾ? ಸುಮ್ನೆ ಮಕ್ಕಳನ್ನ ಯಾಕೆ ಎಳ್ಕೊಂಡು ಹೋದ್ರಿ?"

ಆಗ್ತಿರಲಿಲ್ಲ. ಯಾಕೆ ಅಂತ ಬರೆದಿಡುತ್ತೇನೆ. ಇನ್ನು ಮೇಲೆ ಬಾಯಲ್ಲಿ ಹೇಳುವುದಿಲ್ಲ.

ಆ 'ಒಬ್ಬರೇ' ಅನ್ನುವ ಮಾತೇ ನನಗೆ ಚುಚ್ಚುವುದು. ಎಷ್ಟು ಸಲೀಸಾಗಿ ಹೇಳುತ್ತಾರೆ! ನಾನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪನೂ ಒಬ್ಬನೇ ಹೋಗಿದ್ದ. ಉತ್ತರದ ಒಂದು ಊರಿಗೆ, ಐದು ವರ್ಷ. ನನ್ನ ಓದು ಕೆಡಬಾರದು ಅಂತ ಆಯಿ (ನಮ್ಮ ಕಡೆ ಅಮ್ಮನಿಗೆ ಹೀಗನ್ನುತ್ತಾರೆ) ಮತ್ತು ನಾನು ಸಿರ್ಸಿಯಲ್ಲೇ ಉಳಿದೆವು. ಅಪ್ಪ ಚೌತಿಗೆ ಬರುತ್ತಿದ್ದ, ಮೇ ತಿಂಗಳಲ್ಲಿ ಬರುತ್ತಿದ್ದ. ಒಂದು ಸಲ ಬಂದಾಗ ಆಯಿ ಅವನಿಗೆ ನೆಂಟರಿಗೆ ಅಂತ ಎತ್ತಿಟ್ಟ ಲೋಟದಲ್ಲಿ ಚಹಾ ಕೊಟ್ಟಳು. ಬೇಕಂತ ಮಾಡಿದ್ದಲ್ಲ. ಕೈ ಆ ಕಪಾಟಿಗೇ ಹೋಯಿತು. ಅಪ್ಪ ಲೋಟ ನೋಡಿದ, ಏನೂ ಅನ್ನದೆ ಕುಡಿದ. ನನ್ನ ಓದು ಕೆಡಲಿಲ್ಲ, ಹೌದು. ಆದರೆ ನನ್ನ ಮನೆಯಲ್ಲಿ ಅಂಥ ಲೋಟ ಬೇಡ.

ನಮಗೆ ಹೊರಡುವುದು ಸುಲಭವಾಗಿತ್ತು ಅಂತ ಯಾರೂ ತಿಳಿಯಬಾರದು. ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ವಾಪಸ್ಸು ಕೊಟ್ಟು ಟರ್ಮಿನೇಷನ್ ವೋಚರ್ ತಗೊಳ್ಳಬೇಕು. ಸ್ಕೂಟರಿಗೆ ಆರ್‌ಟಿಓದಿಂದ ಎನ್‌ಓಸಿ ಬೇಕು, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ಅಲ್ಲಿಯದೇ ನಂಬರು ಮಾಡಿಸಬೇಕು. ರೈಲಿಗೆ ಹಾಕುವ ಮುಂಚೆ ಟ್ಯಾಂಕಿನ ಪೆಟ್ರೋಲು ಪೂರ್ತಿ ಖಾಲಿ ಮಾಡಿಸಬೇಕು. ಮಕ್ಕಳ ಟಿಸಿಗೆ ಬಿಇಓ ಆಫೀಸಿನ ಮೇಲುಸಹಿಗೆ ನಾನೇ ಮೂರು ಸಲ ಓಡಾಡಿದೆ. ಆಮೇಲೆ ಬೆಂಗಳೂರಿನಿಂದ ರೈಲಿನಲ್ಲಿ ಸುಮಾರು 3,000 ಕಿ.ಮೀ., ಎರಡು ದಿನಕ್ಕಿಂತ ಜಾಸ್ತಿ. ಫರಕ್ಕಾದಲ್ಲಿ ಗಂಗೆ ದಾಟುವಾಗ ನಾಲ್ವರಿಗೂ ಕಿಟಕಿ ಸಾಲದು ಅಂತ ಮಕ್ಕಳು ಬಾಗಿಲ ಹತ್ತಿರ ನಮ್ಮ ಕೈ ಹಿಡಿದು ನಿಂತಿದ್ದರು. ಅವರೊಬ್ಬರೇ ಹೋಗಿದ್ದರೆ ಇದು ಫೋನಿನಲ್ಲಿ ಬರುವ ಒಂದು ಫೋಟೋ ಆಗಿರುತ್ತಿತ್ತು, ಅಷ್ಟೇ ಅಲ್ವಾ?

ಹೊರಡುವ ಮುಂಚೆ ಹೇಳಿ ಬರಲು ಅಂತ ಮೂರು ದಿನದಲ್ಲಿ ಹದಿಮೂರು ಮನೆಗೆ ಹೋದೆವು. ಒಂದು ಮನೆಯಲ್ಲಿ ದೊಡ್ಡವರೊಬ್ಬರು ನನ್ನನ್ನು ಬಿಟ್ಟು ಮಗಳನ್ನು ಹಿಡಿದರು. "ನಿಂಗೆ ಅಪ್ಪ ಬೇಕೋ, ಶಾಲೆ ಗೆಳತಿಯರು ಬೇಕೋ?" ಎಂಟು ವರ್ಷದ ಮಗು ಅದು. ಅವಲಕ್ಕಿ ತಿನ್ನುತ್ತಿದ್ದವಳು ಕೈ ನಿಲ್ಲಿಸಿದಳು. ಬಟ್ಟಲು ನೋಡುತ್ತಾ ಕುಳಿತಳು. ಎದ್ದು ಬರುವ ತನಕ ತಲೆ ಎತ್ತಲಿಲ್ಲ. ನಾನೂ ಆ ಮನೆಯ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಅವತ್ತು ಸುಮ್ಮನಿದ್ದೆ. ಈಗ ಹೇಳುತ್ತೇನೆ: ಮಕ್ಕಳ ಹತ್ತಿರ ಇಂಥದ್ದನ್ನು ಕೇಳಬೇಡಿ. ಕೇಳಲೇಬೇಕಿದ್ದರೆ ನನ್ನನ್ನೇ ಕೇಳಿ. "ಯಾರನ್ನ ಬಿಟ್ಟು ಹೋಗೋದು ನಿಂಗೆ ಕಷ್ಟ ಆಯ್ತು?" ಅಂತ ಕೇಳಿ. ಅದನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಅಮ್ಮಮ್ಮನನ್ನು.

ಹುಬ್ಬಳ್ಳಿಯಿಂದ ಸಿರ್ಸಿಗೆ ಸುಮಾರು ನೂರು ಕಿ.ಮೀ. ಎರಡು ವಾರಕ್ಕೊಮ್ಮೆ ಶನಿವಾರ ಹೋಗಿ ಅಲ್ಲಿಂದ ಹಳ್ಳಿಯ ಬಸ್ಸು ಹಿಡಿಯುತ್ತಿದ್ದೆ. ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದರೆ ಅವಳು ಜಗಲಿಗೆ ಬಂದು ಕೂರುತ್ತಿದ್ದಳು. ಹದಿಮೂರನೇ ಮನೆ ಅವಳದು, ಅಂದರೆ ಸೋದರಮಾವನ ಮನೆ. ಎಷ್ಟೋ ಮಾತು ಯೋಚಿಸಿಕೊಂಡು ಹೋಗಿದ್ದೆ. ಅವಳು ಕವಳದ, ಅಂದರೆ ಎಲೆ ಅಡಿಕೆಯ, ಬಟ್ಟಲು ಮುಂದಿಟ್ಟುಕೊಂಡು ಅಡಿಕೆ ಹೋಳು ಮಾಡುತ್ತಿದ್ದಳು. ಯಾಕೆ ಹೋಗುತ್ತೀಯ ಅನ್ನಲಿಲ್ಲ, ಯಾವಾಗ ಬರುತ್ತೀಯ ಅನ್ನಲಿಲ್ಲ.

"ಅಲ್ಲೂ ಅಡಿಕೆ ಇದ್ದಡ" ಅಂದಳು.

ಮಾವ ಸೊಸೈಟಿಯಲ್ಲಿ ಕೇಳಿಕೊಂಡು ಬಂದು ಹೇಳಿದ್ದಂತೆ. ನಿಜವೇ. ಕರ್ನಾಟಕ, ಕೇರಳ ಬಿಟ್ಟರೆ ಅಡಿಕೆ ಜಾಸ್ತಿ ಬೆಳೆಯುವುದು ಅಸ್ಸಾಮಿನಲ್ಲೇ. ಅವಳಿಗೆ ಆ ಊರು ಅಷ್ಟರಿಂದಲೇ ಹತ್ತಿರವಾಗಿತ್ತು. ಎರಡು ಕಿಲೋ ಚಾಲಿ (ಒಣಗಿಸಿ ಸುಲಿದ ಅಡಿಕೆ), ಒಂದು ಭರಣಿ ಮಿಡಿ ಉಪ್ಪಿನಕಾಯಿ, ಒಂದು ಹಳೇ ಅಡಕತ್ತರಿ ಕೊಟ್ಟಳು. "ಮನೆಗೆ ಬಂದವರಿಗೆ ಕವಳ ಕೊಡದೇ ಇರಡ" ಅಂದಳು. ನಾನು ಯೋಚಿಸಿದ್ದರಲ್ಲಿ ಒಂದೇ ಒಂದು ಮಾತು ಹೊರಗೆ ಬಂತು. ದಿನಾ ಸಂಜೆ ಫೋನ್ ಮಾಡ್ತೇನೆ ಅಂದೆ.

ಗುವಾಹಟಿಗೆ ಬಂದ ದಿನ ಸಂಜೆ ಕೆಳಗಿನ ಮನೆಯವರು ನೋಡಲು ಬಂದರು. ಕೈಯಲ್ಲಿ ಕಾಲಿರುವ ಕಂಚಿನ ತಟ್ಟೆ, ಅದರಲ್ಲಿ ಎಲೆ ಅಡಿಕೆ. ಇಲ್ಲಿ ಅಡಿಕೆಗೆ ತಾಮೂಲ್ ಅನ್ನುತ್ತಾರೆ. ನಮ್ಮ ಹಾಗೆ ನಲವತ್ತು ದಿನ ಒಣಗಿಸುವುದಿಲ್ಲ. ಹಸಿಯದ್ದೇ ತಿನ್ನುತ್ತಾರೆ, ಇಲ್ಲವೇ ಮಣ್ಣಿನಲ್ಲಿ ಹುಗಿದು ಹುಳಿ ಬರಿಸಿ ತಿನ್ನುತ್ತಾರೆ. ಒಂದು ಹೋಳಿಗೇ ನನಗೆ ತಲೆ ಸುತ್ತಿ ಬೆವರಿತು. ನಾನು ಅಮ್ಮಮ್ಮನ ಚಾಲಿ ತೆಗೆದು, ಅವಳ ಅಡಕತ್ತರಿಯಲ್ಲೇ ಸಣ್ಣಗೆ ಕತ್ತರಿಸಿ ಕೊಟ್ಟೆ. ಹೊಸ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಅದು. ಒಲೆ ಇನ್ನೂ ಹಚ್ಚಿರಲಿಲ್ಲ.

ನನಗೆ ಗೊತ್ತಿದೆ. ಮಕ್ಕಳ ಅಪ್ಪ ಫೋನಿನಲ್ಲಿ ಮಾತ್ರ ಸಿಗುವ ಹಾಗೆ ಆಗಬಾರದು ಅಂತ ಹೊರಟೆ. ಈಗ ನಾನು ಅಮ್ಮಮ್ಮನಿಗೆ ಫೋನಿನಲ್ಲಿ ಮಾತ್ರ ಸಿಗುತ್ತೇನೆ. ಇದು ನಾನೇ ಮಾಡಿದ್ದು. ಗೊತ್ತಿದ್ದೇ ಮಾಡಿದ್ದು. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಮತ್ತೊಮ್ಮೆ ಟ್ರಾನ್ಸ್‌ಫರ್ ಆದರೆ ನಾಲ್ಕೂ ಜನ ಹೊರಡುತ್ತೇವೆ.

ಇಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಗಡಿಯಾರ ಎರಡೂ ಕಡೆ ಒಂದೇ. ಆದರೆ ನಮ್ಮೂರಲ್ಲಿ ಮುಳುಗಲು ಇನ್ನೂ ಒಂದೂವರೆ ತಾಸು ಬೇಕು. ಮೊದಲ ಡಿಸೆಂಬರಿನಲ್ಲಿ ಇದನ್ನು ಹೇಳಿದಾಗ ಅಮ್ಮಮ್ಮ ನಂಬಲಿಲ್ಲ. ಈಗ ದಿನಾ ಫೋನ್ ಎತ್ತಿದ ಕೂಡಲೇ ಅವಳು ಕೇಳುವುದು ಅದನ್ನೇ.

"ಅಲ್ಲಿ ಕತ್ತಲಾತಾ ಕೂಸೇ?"

"ಆತು ಅಮ್ಮಮ್ಮ. ದೀಪ ಹಚ್ಚಿದೆ."

"ಇಲ್ಲಿ ಇನ್ನೂ ಬಿಸಿಲಿದ್ದು. ಅಡಿಕೆ ಅಂಗಳದಲ್ಲೇ ಇದ್ದು."