ಬಳ್ಳಾರಿಯಲ್ಲಿ ಗಾಲ್ಫ್ ಎಲ್ಲಿ ಆಡುತ್ತೀರಿ, ಎಷ್ಟು ಖರ್ಚಾಗುತ್ತದೆ?

"ಬಳ್ಳಾರಿಯಾಗ ಗಾಲ್ಫ್ ಎಲ್ಲಿ ಆಡ್ತೀರಿ ಸರ್? ಅದು ರೊಕ್ಕ ಇದ್ದವರ ಆಟ ಅಲ್ಲೇನ್ರಿ?" ನನ್ನ ಕಾರಿನ ಡಿಕ್ಕಿಯಲ್ಲಿ ಕ್ಲಬ್ಬುಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಚೀಲ ಕಂಡವರೆಲ್ಲ ಕೇಳುವುದು ಈ ಎರಡು ಪ್ರಶ್ನೆಗಳನ್ನೇ. ನಿಂತ ನಿಲುವಿನಲ್ಲಿ ಕೊಡುವ ಉತ್ತರ ನನಗೇ ಸಾಲದೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕುರುಗೋಡಿನ ಕಡೆಗೆ ಗೆಳೆಯರೊಬ್ಬರ ಮಸಾರಿ ಹೊಲವಿದೆ. ನೀರಾವರಿ ಇಲ್ಲದ ಆ ಹೊಲದಲ್ಲಿ ಸುಗ್ಗಿ ಮುಗಿದ ಮೇಲೆ ಮುಂದಿನ ಮುಂಗಾರಿನವರೆಗೆ ಏನೂ ಬೆಳೆಯುವುದಿಲ್ಲ. ಅವರ ಒಪ್ಪಿಗೆ ಪಡೆದು ಬದುವಿನ ಪಕ್ಕದಲ್ಲಿ ನಾವು ಮೂರು ಕುಳಿಗಳನ್ನು ಮಾಡಿಕೊಂಡಿದ್ದೇವೆ. ನಿಯಮದ ಪ್ರಕಾರ ಗಾಲ್ಫ್ ಕುಳಿಯ ಅಡ್ಡಳತೆ 108 ಮಿಲಿಮೀಟರ್. ಪೈಪಿನಂಗಡಿಯಲ್ಲಿ ಸಿಗುವ 110 ಮಿಲಿಮೀಟರಿನ ಪಿವಿಸಿ ಪೈಪನ್ನು ಗೇಣುದ್ದ ಕೊಯ್ದು ನೆಲದಲ್ಲಿ ಹುಗಿದರೆ, ಪೈಪಿನ ದಪ್ಪ ಕಳೆದು ಒಳಗಿನ ಬಾಯಿ ತುಸು ಕಿರಿದಾಗುತ್ತದೆ. ಅಭ್ಯಾಸಕ್ಕೆ ಅದು ಒಳ್ಳೆಯದೇ: ಕಿರಿದಾದ ಬಾಯಿಗೆ ಚೆಂಡು ಹಾಕಿ ರೂಢಿಯಾದ ಕೈಗೆ ಬೆಂಗಳೂರಿನ ಮೈದಾನದ ಕುಳಿ ದೊಡ್ಡದಾಗಿ ಕಾಣುತ್ತದೆ.

ಕುಳಿಯ ಸುತ್ತ ಹುಲ್ಲು ಇಲ್ಲವಲ್ಲ ಎಂದು ಕೇಳಬಹುದು. ಹುಲ್ಲು ಬೇಕಾಗಿಲ್ಲ. ಹುಲ್ಲು ಬೆಳೆಯದ ಒಣ ಸೀಮೆಗಳಲ್ಲಿ ಮರಳಿಗೆ ಎಣ್ಣೆ ಕಲಸಿ, ಹಾಸಿ, ಗಟ್ಟಿ ಮಾಡಿ ಅದರ ಮೇಲೆ ಚೆಂಡು ಉರುಳಿಸುವ ಪದ್ಧತಿ ಬಹಳ ಹಳೆಯದು. ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ ಗ್ರೀನ್ ಎನ್ನುವಂತೆ ಇದನ್ನು ಬ್ರೌನ್ ಎನ್ನುತ್ತಾರೆ. ಎಣ್ಣೆ ಸುರಿದರೆ ಹೊಲ ಕೆಡುತ್ತದೆ ಎಂಬ ಕಾರಣಕ್ಕೆ ನಾವು ಸಣ್ಣ ಮರಳು ಹಾಸಿ, ನೀರು ಚಿಮುಕಿಸಿ, ಕಣದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ರೋಣಗಲ್ಲನ್ನು ನಾಲ್ಕೈದು ಸಲ ಉರುಳಿಸುತ್ತೇವೆ. ಆಡಿದವರು ಹೆಜ್ಜೆ ಗುರುತನ್ನು ಒಂದು ಹಲಗೆ ಎಳೆದು ಅಳಿಸಿ ಮುಂದೆ ಹೋಗಬೇಕು. ಮುಂಜಾನೆಯ ತಂಪಿನಲ್ಲಿ ಆ ಮರಳಿನ ಮೇಲೆ ಚೆಂಡು ಸಾಗುವಾಗ ಕೂದಲೆಳೆಯಷ್ಟು ತೆಳ್ಳನೆಯ ಗೆರೆಯೊಂದು ಅದರ ಹಿಂದೆಯೇ ಮೂಡುತ್ತ ಹೋಗುತ್ತದೆ, ಮತ್ತು ಕೈ ಎಲ್ಲಿ ತಪ್ಪಿತೆಂಬುದನ್ನು ಆ ಗೆರೆ ಯಾವ ಗುರುವಿಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ಬಳ್ಳಾರಿಗೂ ಒಂದು ದೊಡ್ಡ ಹಸಿರು ಮೈದಾನ ಬರಲಿ ಎನ್ನುವ ಗೆಳೆಯರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹದಿನೆಂಟು ಕುಳಿಗಳ ಮೈದಾನಕ್ಕೆ ನೂರು ಎಕರೆಗೂ ಮೀರಿದ ಜಾಗ ಬೇಕು, ಆ ಹುಲ್ಲಿಗೆ ಬೇಸಿಗೆಯುದ್ದಕ್ಕೂ ನೀರು ಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನೀರನ್ನೇ ನಂಬಿದ ಭತ್ತದ ರೈತರು ಎಷ್ಟು ಕಳವಳಪಟ್ಟರೆಂಬುದನ್ನು ಹತ್ತಿರದಿಂದ ಕಂಡ ನನಗೆ, ಆ ನೀರಿನಲ್ಲಿ ಒಂದು ಪಾಲನ್ನು ಆಟದ ಹುಲ್ಲಿಗೆ ಕೇಳುವ ಮನಸ್ಸಾಗುವುದಿಲ್ಲ. ಈ ಆಟ ದುಬಾರಿಯಾಗಿರುವುದು ಬಹುಮಟ್ಟಿಗೆ ಹುಲ್ಲು, ಜಮೀನು ಮತ್ತು ಸದಸ್ಯತ್ವದ ಕಾರಣದಿಂದ. ಅವುಗಳನ್ನು ಬದಿಗಿಟ್ಟರೆ ಉಳಿಯುವುದು ಚೆಂಡು, ಕೋಲು, ಕುಳಿ ಅಷ್ಟೇ. ಈ ಸೀಮೆಗೆ ಹೊಂದುವುದು ಬ್ರೌನ್ ಮೈದಾನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಸಲಕರಣೆಯ ಮಾತು. ನಿಯಮದಂತೆ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ಬುಗಳಿರಬಹುದು. ಅಷ್ಟೂ ಇರಲೇಬೇಕೆಂದು ಎಲ್ಲಿಯೂ ಹೇಳಿಲ್ಲ. ನಾನು ಮೊದಲ ಮೂರು ವರ್ಷ ಆಡಿದ್ದು ಬೆಂಗಳೂರಿನಲ್ಲಿ ಒಬ್ಬರು ಬಳಸಿ ಬಿಟ್ಟಿದ್ದ ಏಳು ಕ್ಲಬ್ಬುಗಳಲ್ಲಿ. ಚೀಲವೂ ಸೇರಿ ಒಂಬತ್ತು ಸಾವಿರ ರೂಪಾಯಿ ಕೊಟ್ಟಿದ್ದೆ. ಹೊಸಬರು ಮೊದಲು ಕೇಳುವುದು ಡ್ರೈವರ್ ಎಂಬ ಕ್ಲಬ್ಬನ್ನು, ಏಕೆಂದರೆ ಟಿವಿಯಲ್ಲಿ ಚೆಂಡನ್ನು ಮುನ್ನೂರು ಗಜ ದೂರ ಹಾರಿಸುವುದು ಅದೇ. ಲೆಕ್ಕ ಹಾಕಿ ನೋಡಿ: ಪಾರ್ 72ರ, ಅಂದರೆ ಪಳಗಿದವರು 72 ಹೊಡೆತಗಳಲ್ಲಿ ಮುಗಿಸಬೇಕಾದ, ಹದಿನೆಂಟು ಕುಳಿಗಳ ಮೈದಾನದಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತಗಳನ್ನು, ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟರಿಗೇ ಮೀಸಲಿಟ್ಟಿರುತ್ತಾರೆ, ಸಾಮಾನ್ಯವಾಗಿ ನಾಲ್ಕಿರುವ ಪಾರ್ 3ರ ಗಿಡ್ಡ ಕುಳಿಗಳನ್ನು ಬಿಟ್ಟರೆ ಡ್ರೈವರ್ ಹೊರಬರುವುದು ಹದಿನಾಲ್ಕು ಸಲ, ಹೆಚ್ಚೆಂದರೆ. ಆದ್ದರಿಂದ ಮಧ್ಯಮ ದೂರಕ್ಕೆ ಒಂದು 7 ಐರನ್, ಹತ್ತಿರದಿಂದ ಚೆಂಡನ್ನು ಎತ್ತಿ ಹಾಕಲು ಒಂದು ವೆಜ್, ಒಂದು ಪಟ್ಟರ್ ಕೊಂಡುಕೊಂಡು ಒಂದು ವರ್ಷ ಆಡಿರಿ ಎಂದೇ ನಾನು ಹೇಳುವುದು.

ವೆಜ್ ಕೊಳ್ಳುವಾಗ ಮಾತ್ರ ನಮ್ಮ ಕಡೆಯವರು ಒಂದು ವಿಷಯವನ್ನು ತಪ್ಪದೆ ನೋಡಬೇಕು. ಅದರ ತಳದಲ್ಲಿ ಬೌನ್ಸ್ ಎಂಬ ಉಬ್ಬು ಇರುತ್ತದೆ, ಅದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. ಮೆತ್ತನೆಯ ನೆಲಕ್ಕೆ ಹತ್ತು, ಹನ್ನೆರಡು ಡಿಗ್ರಿಯ ಉಬ್ಬು ಚೆನ್ನ, ಏಕೆಂದರೆ ಕ್ಲಬ್ಬು ಮಣ್ಣಿನೊಳಗೆ ಹೂತುಕೊಳ್ಳದಂತೆ ಅದು ತಡೆಯುತ್ತದೆ. ನಮ್ಮದು ಏಪ್ರಿಲಿನ ಬಿಸಿಲಿಗೆ ಕಲ್ಲಾಗುವ ನೆಲ. ಅಲ್ಲಿ ಹೆಚ್ಚು ಉಬ್ಬಿನ ವೆಜ್ ನೆಲಕ್ಕೆ ಬಡಿದು ಪುಟಿಯುತ್ತದೆ, ಅದರ ಅಂಚು ಚೆಂಡಿನ ನಡುವಿಗೆ ತಾಗುತ್ತದೆ, ಚೆಂಡು ಮೇಲೇಳದೆ ನೆಲಕ್ಕೆ ಸವರಿಕೊಂಡು ಬದು ದಾಟಿ ಓಡಿಬಿಡುತ್ತದೆ. ಇದು ನನ್ನ ಕೈಯ ದೋಷವೆಂದು ತಿಳಿದು ಒಂದಿಡೀ ಬೇಸಿಗೆ ಒದ್ದಾಡಿದ್ದೆ. ಕಡೆಗೆ ಆರು ಡಿಗ್ರಿಯ ಹಳೆಯದೊಂದು ವೆಜ್ ಸಿಕ್ಕ ಮೇಲೆ ಅದೇ ಕೈಯಿಂದ ಹೊಡೆದ ಚೆಂಡು ಮೇಲೆದ್ದು ಕುಳಿಯ ಹತ್ತಿರವೇ ಬಿತ್ತು. ಮೋಕಾದ ಬಳಿ ಹಗರಿ ಹೊಳೆಯ ಒಣ ಮರಳಿನಲ್ಲಿ ಬಂಕರ್ ಹೊಡೆತ, ಅಂದರೆ ಮರಳುಗುಂಡಿಯಿಂದ ಚೆಂಡೆತ್ತುವುದನ್ನು, ಕಲಿಯಲು ಹೋಗುವಾಗ ಮಾತ್ರ ಮೊದಲಿನ ಹೆಚ್ಚು ಉಬ್ಬಿನ ವೆಜ್ಜನ್ನೇ ಒಯ್ಯುತ್ತೇನೆ, ಏಕೆಂದರೆ ಆ ಮರಳಿಗೆ ಅದೇ ಸರಿ.

ಚೆಂಡುಗಳ ಮೇಲೆ ಹಣ ಸುರಿಯಬೇಡಿ. ಬದುವಿನಾಚೆಯ ಎರೆಹೊಲದ ಬಿರುಕುಗಳು ಚೆಂಡನ್ನು ನುಂಗುತ್ತವೆ, ಉಳಿದದ್ದು ಬಳ್ಳಾರಿ ಜಾಲಿಯ ಮುಳ್ಳಿನ ಪಾಲಾಗುತ್ತದೆ. 2019ರಲ್ಲಿ ನಿಯಮಗಳು ಪರಿಷ್ಕಾರವಾದ ಮೇಲೆ ಚೆಂಡು ಹುಡುಕಲು ಐದರ ಬದಲು ಮೂರೇ ನಿಮಿಷ. ಸಿಕ್ಕಿದ ಚೆಂಡು ಆಡಲಾಗದಂತೆ ಮುಳ್ಳಿನೊಳಗೆ ಕುಳಿತಿದ್ದರೆ ಒಂದು ಹೊಡೆತದ ದಂಡ ತೆತ್ತು, ಎರಡು ಕ್ಲಬ್ಬಿನುದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ, ಮೊಣಕಾಲೆತ್ತರದಿಂದ ಬೀಳಿಸಿಕೊಂಡು ಮುಂದುವರಿಯಬಹುದು.

ಆ ಜಾಲಿಯ ಹಿಂದೆ ನಿಮ್ಮನ್ನು ಯಾರೂ ನೋಡುತ್ತಿರುವುದಿಲ್ಲ. ದಂಡವನ್ನು ನೀವೇ ಹೇಳಿ, ನೀವೇ ಬರೆದುಕೊಳ್ಳಬೇಕು. ಹವ್ಯಾಸಿಗಳ ಆಟದಲ್ಲಿ ಅಂಪೈರ್ ಬೆನ್ನ ಹಿಂದೆ ಇರುವುದಿಲ್ಲ ಎಂಬ ಈ ಒಂದು ಸಂಗತಿಗಾಗಿಯೇ ನಾನು ಗಾಲ್ಫನ್ನು ಇಷ್ಟು ಹಚ್ಚಿಕೊಂಡೆ. ಕಾಲರಿನ ಅಂಗಿ, ಮೆಲುದನಿ, ಇನ್ನೊಬ್ಬರು ಹೊಡೆಯುವಾಗ ಅಲುಗಾಡದೆ ನಿಲ್ಲುವುದು, ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವು ನನಗೆ ಅಷ್ಟು ಮುಖ್ಯವೆನಿಸಿಲ್ಲ. ಎದುರಿಗೆ ಮನುಷ್ಯರಾಗಲಿ ಕುರಿಗಳಾಗಲಿ ಇರುವಾಗ ಹೊಡೆಯಬಾರದು ಎಂಬುದು ಮಾತ್ರ ನಮ್ಮ ಹೊಲದ ಮೊದಲ ನಿಯಮ. 46 ಗ್ರಾಮಿಗೆ ಒಂದೆಳೆ ಕಡಿಮೆ ತೂಗುವ ಆ ಚೆಂಡು ತಲೆಗೆ ಬಡಿದರೆ ಪ್ರಾಣವನ್ನೇ ತೆಗೆಯಬಲ್ಲದು.

ರೊಕ್ಕ ಇದ್ದವರ ಆಟವೇ ಎಂಬ ಪ್ರಶ್ನೆಗೆ ಗಾಲ್ಫ್ ಸಂಸ್ಥೆಗಳ ನಡವಳಿಕೆಯನ್ನು ನೋಡಿದರೆ ಹೌದೆನ್ನಬೇಕಾಗುತ್ತದೆ. ಒಂದು ಸಲ ದೂರದೂರಿನ ಮೈದಾನದಲ್ಲಿ, ನಾಲ್ಕು ಗಂಟೆ ನನ್ನ ಚೀಲ ಹೊತ್ತು ಪ್ರತಿಯೊಂದು ಇಳಿಜಾರನ್ನೂ ಬಿಡಿಸಿ ಹೇಳಿದ ಹಿರಿಯ ಕ್ಯಾಡಿಯನ್ನು ಚಹಾಕ್ಕೆ ಕರೆದೆ. "ನಾವು ಅಲ್ಲಿ ಕೂಡಂಗಿಲ್ಲ ಸಾರ್, ನೀವು ಕುಡೀರಿ" ಎಂದು ಅವರು ಹಿಂದೆ ಸರಿದರು. ಆ ದಿನದ ನನ್ನ ಅಂಕ ಮರೆತುಹೋಗಿದೆ, ಆ ಮಾತು ಮರೆತಿಲ್ಲ. ಆದರೆ ಆಟದ ಚರಿತ್ರೆಯನ್ನು ನೋಡಿದರೆ ನನ್ನ ಉತ್ತರ ಬೇರೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿಯಾಗಿದ್ದವರು. ನಮ್ಮದೇ ರಾಜ್ಯದ ಎಸ್. ಚಿಕ್ಕರಂಗಪ್ಪ ಬಿಡದಿಯ ಮೈದಾನವೊಂದರಲ್ಲಿ ಚೆಂಡು ಹೆಕ್ಕುತ್ತ ಕಲಿತು ವೃತ್ತಿಪರರಾದವರು. ಚೀಲ ಹೊರುವವರಿಗೆ ಆಡಲು ಜಾಗ ಕೊಟ್ಟಲ್ಲೆಲ್ಲ ಆಟಗಾರರು ಹುಟ್ಟಿದ್ದಾರೆ.

ನಮ್ಮ ಹೊಲದಲ್ಲಿ ಈಗ ಭಾನುವಾರ ಐದಾರು ಮಂದಿ ಸೇರುತ್ತೇವೆ. ಚೆಂಡು ಹುಡುಕಿಕೊಡಲು ಬರುತ್ತಿದ್ದ ಪಕ್ಕದ ಹೊಲದ ಇಬ್ಬರು ಹುಡುಗರೂ ಈಗ ಆಡುವವರ ಲೆಕ್ಕದಲ್ಲಿದ್ದಾರೆ. ಅವರ ಎತ್ತರಕ್ಕೆ ನನ್ನ ಕ್ಲಬ್ಬು ಉದ್ದವಾಗುವುದರಿಂದ ಹಳೆಯ 7 ಐರನ್ನಿನ ಕೋಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ಬೆರಳಿನಷ್ಟು ಕೊಯ್ಯಿಸಿ ಹೊಸ ಹಿಡಿ ಹಾಕಿಸಿದ್ದೇನೆ. ಆಡಿ ನೋಡಬೇಕೆನ್ನುವವರು ಬೆಳಿಗ್ಗೆ ಆರಕ್ಕೆ ಬರಬೇಕು. ಎಂಟೂವರೆಯ ನಂತರ ಬಿಸಿಲು ಆಡಗೊಡುವುದಿಲ್ಲ.