ತಾರಸಿಯ ಮೇಲೆ ಸಿಕ್ಕಿದ ಗ್ರಹ: ಆಗಸ್ಟ್‌ನಿಂದ ನವೆಂಬರ್‌ವರೆಗೆ

ಗ್ರಾಫ್ ತಗ್ಗಿದೆ. ಅಕ್ಟೋಬರ್ 6ರ ರಾತ್ರಿ ತೆಗೆದ ಚಿತ್ರಗಳಲ್ಲಿ ಒಂದು ನಕ್ಷತ್ರದ ಬೆಳಕನ್ನು ಅಳೆದು, ಹತ್ತು ಹತ್ತರ ಸರಾಸರಿ ಹಿಡಿದು ಬಿಂದುಗಳನ್ನು ಇಟ್ಟಾಗ, ಸಾಲು ಏಳೂಮುಕ್ಕಾಲರ ಸುಮಾರಿಗೆ ಇಳಿಯತೊಡಗಿ, ಕೆಳಗೇ ಹರಿದು, ಒಂಬತ್ತೂವರೆಯ ಹೊತ್ತಿಗೆ ಮತ್ತೆ ಮೇಲೆದ್ದಿದೆ. ಸುಮಾರು 65 ಜ್ಯೋತಿರ್ವರ್ಷ ದೂರದಲ್ಲಿ ಒಂದು ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋದದ್ದನ್ನು ಬೆಂಗಳೂರಿನ ಹನುಮಂತನಗರದ ನಮ್ಮ ತಾರಸಿಯಿಂದ, ಹಳೆಯ ಕ್ಯಾಮೆರಾದಲ್ಲಿ ಹಿಡಿದಿದ್ದೇನೆ. ಮೂರು ದಿನ ಅದನ್ನು ನಂಬದೆ ಮತ್ತೆ ಮತ್ತೆ ಅಳೆದೆ. ಈಗ ನಂಬಿದ್ದೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಶುರುವಾದದ್ದು 2025ರ ಏಪ್ರಿಲ್‌ನಲ್ಲಿ. ಕೆ2-18ಬಿ ಎಂಬ ಗ್ರಹದಲ್ಲಿ ಜೀವದ ಸುಳಿವು ಸಿಕ್ಕಿರಬಹುದು ಎಂಬ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅಮ್ಮ ಪತ್ರಿಕೆಯನ್ನು ಮಡಿಚಿ ನನ್ನ ಮುಂದಿಟ್ಟು, "ಇದು ನಿಜವೇನೇ?" ಎಂದು ಕೇಳಿದರು. ಓದಿದ್ದನ್ನೆಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ತಿಳಿಯಿತು, ನಾನು ಹೇಳುತ್ತಿರುವುದೆಲ್ಲ ಇನ್ನೊಬ್ಬರ ಮಾತು. ಸೌರಮಂಡಲದ ಆಚೆ ಗ್ರಹಗಳಿವೆ ಎಂಬುದನ್ನಾದರೂ ಒಮ್ಮೆ ನನ್ನ ಕೈಯಾರೆ ಅಳೆದು ನೋಡಬೇಕು, ಜೀವದ ಪ್ರಶ್ನೆ ಆಮೇಲೆ ಎಂದು ಅಂದೇ ಗಟ್ಟಿ ಮಾಡಿಕೊಂಡೆ.

ಆರಿಸಿಕೊಂಡ ನಕ್ಷತ್ರ ಎಚ್‌ಡಿ 189733. ವಲ್ಪೆಕ್ಯುಲ ಎಂಬ ಮಂಕು ಪುಂಜದಲ್ಲಿ, ಡಂಬೆಲ್ ನೀಹಾರಿಕೆಯ ಪಕ್ಕದಲ್ಲೇ ಇದೆ. ಅಭಿಜಿತ್, ಶ್ರವಣ, ಹಂಸಾಕ್ಷಿ ಎಂಬ ಮೂರು ದೊಡ್ಡ ನಕ್ಷತ್ರಗಳ ತ್ರಿಕೋನ ನಮ್ಮ ನಗರದ ಬೆಳಕಿನಲ್ಲೂ ಕಾಣುತ್ತದೆ. ಇದು ಅದರ ಒಳಗಿದೆ. ಕಾಂತಿಮಾನ 7.7, ಅಂದರೆ ಬರಿಗಣ್ಣಿಗೆ ಕಾಣದು, ಕ್ಯಾಮೆರಾಗೆ ಸುಲಭ. ಇದರ ಗ್ರಹ 2005ರಲ್ಲಿ ಪತ್ತೆಯಾಯಿತು. ಗುರುವಿಗಿಂತ ತುಸು ದೊಡ್ಡದು. ನಕ್ಷತ್ರವೋ ಸೂರ್ಯನಿಗಿಂತ ಚಿಕ್ಕದು. ಹಾಗಾಗಿ ಗ್ರಹ ಅಡ್ಡ ಬಂದಾಗ ಬೆಳಕು ಶೇ. 2.4ರಷ್ಟು ಇಳಿಯುತ್ತದೆ. ಹೀಗೆ ಅಡ್ಡ ಹಾಯುವುದೇ ಸಂಕ್ರಮಣ. ಹವ್ಯಾಸಿಯ ಕೈಗೆ ಎಟಕುವ ಸಂಕ್ರಮಣಗಳಲ್ಲಿ ಇದಕ್ಕಿಂತ ಉದಾರವಾದದ್ದು ಸಿಗುವುದು ಕಷ್ಟ.

ಸಂಕ್ರಮಣ ಎಂಬ ಮಾತು ನನಗೆ ಹೊಸದಲ್ಲ. 2004ರ ಜೂನ್ 8ರಂದು ಶುಕ್ರ ಸೂರ್ಯನ ಮುಂದೆ ಹಾದಾಗ ಅಪ್ಪ ಬೈನಾಕ್ಯುಲರ್‌ನಿಂದ ಬಿಳಿ ಹಾಳೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ, ಅದರಲ್ಲಿದ್ದ ಕಪ್ಪು ಚುಕ್ಕೆಯನ್ನು ತೋರಿಸಿದ್ದರು. ಈಗ ನಾನು ಹುಡುಕುತ್ತಿದ್ದುದು ಅದನ್ನೇ. ಬಿಂಬ ಮಾತ್ರ ಇಲ್ಲ. ಬಿಂದುವೊಂದು ತುಸು ಮಂಕಾಗುವುದಷ್ಟೇ ಉಳಿದಿರುವ ಸಾಕ್ಷ್ಯ.

ಈ ಗ್ರಹದ ವರ್ಷ 2 ದಿನ 5 ಗಂಟೆ 15 ನಿಮಿಷ. ಒಂಬತ್ತು ಸುತ್ತಿಗೆ 20 ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಕಡಿಮೆ. ಆದ್ದರಿಂದ ಒಂದೇ ಊರಿನಿಂದ 20 ದಿನಕ್ಕೊಮ್ಮೆ, ಹಿಂದಿನ ಸಲಕ್ಕಿಂತ ಸುಮಾರು 47 ನಿಮಿಷ ಮೊದಲೇ, ಸಂಕ್ರಮಣ ಕಾಣುತ್ತದೆ. ಲೆಕ್ಕ ಹಾಕಿದಾಗ ಬಂದ ಸರಣಿ: ಆಗಸ್ಟ್ 27, ಸೆಪ್ಟೆಂಬರ್ 16, ಅಕ್ಟೋಬರ್ 6, ಅಕ್ಟೋಬರ್ 26, ನವೆಂಬರ್ 15. ಐದು ಅವಕಾಶ, ಅದರಲ್ಲಿ ಅರ್ಧ ಮಳೆಗಾಲ. ಪಂಚಾಂಗದ ಪಕ್ಕದಲ್ಲಿ ಈ ಐದು ದಿನಾಂಕಗಳನ್ನು ಬರೆದು ಅಂಟಿಸಿದೆ.

ಆಗಸ್ಟ್ 27

ಗಣೇಶ ಚೌತಿ. ಚೌತಿಯ ಚಂದ್ರನನ್ನು ನೋಡಬಾರದೆಂದು ಅಮ್ಮ ಬೆಳಿಗ್ಗೆಯಿಂದ ಎಚ್ಚರಿಸುತ್ತಲೇ ಇದ್ದರು. ಚಂದ್ರ ಮುಳುಗಿದ ಮೇಲೆಯೇ ನನ್ನ ಕೆಲಸ ಎಂದು ಸಮಾಧಾನ ಹೇಳಿ, ರಾತ್ರಿ ಒಂಬತ್ತಕ್ಕೆ ಮೇಲೆ ಹೋದೆ. ಆಕಾಶ ಪೂರ್ತಿ ಮುಚ್ಚಿತ್ತು. ಹನ್ನೊಂದೂವರೆಯವರೆಗೆ ಕಾದು ಇಳಿದೆ.

ಸೆಪ್ಟೆಂಬರ್ 16

ಈ ರಾತ್ರಿಯ ಬಗ್ಗೆ ವಿವರವಾಗಿ ಬರೆಯಬೇಕು. ಯಶಸ್ಸಿಗಿಂತ ಹೆಚ್ಚು ಕಲಿಸಿದ್ದು ಇದು.

ಸಲಕರಣೆ ಇಷ್ಟೇ: ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್, 200 ಮಿ.ಮೀ. ಲೆನ್ಸ್, ಆಕಾಶದ ತಿರುಗುವಿಕೆಗೆ ತಕ್ಕಂತೆ ಕ್ಯಾಮೆರಾವನ್ನು ತಿರುಗಿಸುವ ಪುಟ್ಟ ಟ್ರ್ಯಾಕರ್. ಟ್ರ್ಯಾಕರ್‌ನ ಅಕ್ಷ ಧ್ರುವದತ್ತ ನೇರವಾಗಿರಬೇಕು. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ. ನಮ್ಮ ತಾರಸಿಯಿಂದ ನೋಡಿದರೆ ಆ ಜಾಗದಲ್ಲಿ ನಾಲ್ಕು ಮಹಡಿಯ ಕಟ್ಟಡ, ಅದರ ಮೇಲೆ ಕಪ್ಪು ನೀರಿನ ಟ್ಯಾಂಕ್. ಮೊಬೈಲ್‌ನ ದಿಕ್ಸೂಚಿ ನೋಡಿ ಅಂದಾಜಿನಲ್ಲಿ ನಿಲ್ಲಿಸಿದೆ. ಲೆನ್ಸನ್ನು ಬೇಕೆಂದೇ ಫೋಕಸ್ ತಪ್ಪಿಸಿದೆ. ನಕ್ಷತ್ರ ಚುಕ್ಕೆಯಾಗದೆ ಪುಟ್ಟ ಬಿಲ್ಲೆಯಾದರೆ ಬೆಳಕು ಹಲವು ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ, ಯಾವುದೂ ತುಂಬಿ ಚೆಲ್ಲುವುದಿಲ್ಲ.

ಎಂಟು ಗಂಟೆ ಹತ್ತು ನಿಮಿಷದಿಂದ 30 ಸೆಕೆಂಡಿನ ಎಕ್ಸ್‌ಪೋಷರ್‌ಗಳು. ಒಂಬತ್ತು ಇಪ್ಪತ್ತಕ್ಕೆ ಮಳೆ. ಟವೆಲ್ ಹೊದಿಸಿ ಎಲ್ಲವನ್ನೂ ಒಳಗೆ ತಂದೆ. ಆ ರಾತ್ರಿಯೇ ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಹಸಿರು ಬಣ್ಣದ ಭಾಗವನ್ನು ಮಾತ್ರ ಅಳೆದೆ, ಪಕ್ಕದ ನಕ್ಷತ್ರವೊಂದಕ್ಕೆ ಹೋಲಿಸಿದೆ. ಸಾಲು ಎಂಟು ನಲವತ್ತರಿಂದ ಇಳಿಯುತ್ತ ಶೇ. 3ರಷ್ಟು ತಗ್ಗಿತ್ತು! ಸಂಕ್ರಮಣ ಆರಂಭವಾಗಬೇಕಿದ್ದುದು ಎಂಟೂವರೆಗೆ. ಸಂತೋಷ ತಡೆಯಲಾಗಲಿಲ್ಲ, ರಾತ್ರಿ ಒಂದು ಗಂಟೆಯಲ್ಲಿ ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಮರುದಿನ ಕಚೇರಿಯಲ್ಲಿ ಊಟ ಮಾಡುತ್ತಿದ್ದಾಗ ಒಂದು ಅನುಮಾನ ಕೊರೆಯಿತು. ಮನೆಗೆ ಬಂದು, ಗ್ರಹವೇ ಇಲ್ಲವೆಂದು ತಿಳಿದಿರುವ ಇನ್ನೊಂದು ಸಾಮಾನ್ಯ ನಕ್ಷತ್ರವನ್ನು ಅದೇ ರೀತಿ ಅಳೆದೆ. ಅದೂ ತಗ್ಗಿತ್ತು, ಹೆಚ್ಚುಕಡಿಮೆ ಅಷ್ಟೇ. ಅಕ್ಷ ಸರಿಯಿಲ್ಲದ್ದರಿಂದ ಗಂಟೆಯುದ್ದಕ್ಕೂ ನಕ್ಷತ್ರಗಳು ಚೌಕಟ್ಟಿನಲ್ಲಿ ಮೂಲೆಯತ್ತ ಜಾರಿದ್ದವು. ಲೆನ್ಸಿನ ಮೂಲೆ ಸಹಜವಾಗಿಯೇ ಮಂಕು. ನಾನು ಕಂಡದ್ದು ಗ್ರಹವಲ್ಲ, ನನ್ನದೇ ಲೆನ್ಸಿನ ಅಂಚು.

ಅಮ್ಮನಿಗೆ ಹೇಳಿದಾಗ ಅವರು ಬೇಸರಪಡಲಿಲ್ಲ. "ಪತ್ರಿಕೆಯವರು ಬರೆದಿದ್ದರಲ್ಲ, ಅವರೂ ಹೀಗೆ ಇನ್ನೊಂದನ್ನು ಅಳೆದು ನೋಡಿದ್ದಾರೆಯೇ?" ಎಂದರು. ಆ ಪ್ರಶ್ನೆ ನನ್ನನ್ನು ಕೆ2-18ಬಿಗೆ ವಾಪಸು ಕರೆದೊಯ್ದಿತು.

ಆ ಗ್ರಹ ಸಿಂಹ ರಾಶಿಯಲ್ಲಿ, ಸುಮಾರು 124 ಜ್ಯೋತಿರ್ವರ್ಷ ದೂರದಲ್ಲಿದೆ. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮಾಪನಗಳಿಂದ ಅಲ್ಲಿ ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಇರುವುದನ್ನು ತೋರಿಸಿತು. 2025ರ ಏಪ್ರಿಲ್‌ನಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಇನ್ನೊಂದು ಅಣುವಿನ ಸುಳಿವು ಇದೆಯೆಂದಿತು. ಭೂಮಿಯಲ್ಲಿ ಆ ಅನಿಲ ಮುಖ್ಯವಾಗಿ ಸಮುದ್ರದ ಸೂಕ್ಷ್ಮ ಸಸ್ಯಗಳಿಂದ ಬರುತ್ತದೆ. ಸುಳಿವಿನ ಬಲ ಮೂರು ಸಿಗ್ಮಾ (ಸಿಕ್ಕಿದ್ದು ಬರೀ ಆಕಸ್ಮಿಕವಲ್ಲ ಎಂಬ ಭರವಸೆಯನ್ನು ಅಳೆಯುವ ಮಾನ). ಶೋಧವೆಂದು ಒಪ್ಪಲು ಐದು ಬೇಕು. ಅದೇ ಮಾಪನಗಳನ್ನು ಬೇರೆ ತಂಡಗಳು ಬೇರೆ ವಿಧಾನಗಳಲ್ಲಿ ಬಿಡಿಸಿ ನೋಡಿದಾಗ ಆ ಸುಳಿವು ನಿಲ್ಲಲಿಲ್ಲ. ಅದೂ ಅಲ್ಲದೆ ಇದೇ ಅಣು 67ಪಿ ಎಂಬ ಧೂಮಕೇತುವಿನಲ್ಲೂ ಸಿಕ್ಕಿದೆ, ಅಲ್ಲಿ ಯಾವ ಕಡಲೂ ಇಲ್ಲ. ಏಪ್ರಿಲ್‌ನಲ್ಲಿ ಈ ವಾದಗಳನ್ನು ಓದಿದಾಗ ವಿಜ್ಞಾನಿಗಳು ಒಬ್ಬರ ಸಂತೋಷವನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತಿದ್ದಾರೆ ಎನಿಸಿತ್ತು. ಸೆಪ್ಟೆಂಬರ್ 17ರ ಸಂಜೆ ಓದಿದಾಗ ಹಾಗೆ ಅನಿಸಲಿಲ್ಲ. ಅವರು ಎರಡನೆಯ ನಕ್ಷತ್ರವನ್ನು ಅಳೆಯುತ್ತಿದ್ದರು.

ಅಕ್ಟೋಬರ್ 6

ಇಪ್ಪತ್ತು ದಿನಗಳಲ್ಲಿ ಎರಡು ತಿದ್ದುಪಡಿ ಮಾಡಿದೆ. ಧ್ರುವ ಕಾಣದಿದ್ದರೂ, ದಕ್ಷಿಣದಲ್ಲೊಂದು ಪೂರ್ವದಲ್ಲೊಂದು ನಕ್ಷತ್ರ ಹಿಡಿದು, ಅವು ಯಾವ ಕಡೆ ಜಾರುತ್ತವೆ ಎಂದು ನೋಡುತ್ತ ಅಕ್ಷವನ್ನು ತಿದ್ದಬಹುದು. ಮೂರು ರಾತ್ರಿ ಅದನ್ನೇ ಅಭ್ಯಾಸ ಮಾಡಿದೆ. ಇನ್ನು ಮೂಲೆಯ ಮಂಕು: ಮುಸ್ಸಂಜೆಯ ಆಕಾಶದತ್ತ ಕ್ಯಾಮೆರಾ ಎತ್ತಿ, ಅಪ್ಪನ ಬಿಳಿ ಪಂಚೆಯನ್ನು ಎರಡು ಮಡಿಕೆ ಮಾಡಿ ಲೆನ್ಸಿಗೆ ಬಿಗಿದು ಐವತ್ತು ಚಿತ್ರ ತೆಗೆದೆ. ಎಲ್ಲೆಡೆ ಸಮನಾದ ಬೆಳಕಿನ ಆ ಚಿತ್ರಗಳಿಂದ ಉಳಿದವನ್ನು ಭಾಗಿಸಿದರೆ ಲೆನ್ಸಿನ ದೋಷ ಬಹುಮಟ್ಟಿಗೆ ಹೋಗುತ್ತದೆ.

ಅಂದು ಸೀಗೆ ಹುಣ್ಣಿಮೆ. ಮಳೆಗಾಲದ ಮಬ್ಬು ತೊಳೆದುಹೋಗಿ ಆಕಾಶ ತಿಳಿಯಾಗಿತ್ತು, ಆದರೆ ಹಾಲು ಚೆಲ್ಲಿದಂತೆ ಬೆಳದಿಂಗಳು. ಪಕ್ಕದ ಮನೆಯ ಮೇಷ್ಟ್ರು ತಮ್ಮ ತಾರಸಿಯ ಎಲ್‌ಇಡಿ ದೀಪವನ್ನು ತಾವಾಗಿಯೇ ಆರಿಸಿ, "ಇವತ್ತಾದರೂ ಸಿಗಲಮ್ಮಾ" ಎಂದರು. ಏಳು ಹತ್ತರಿಂದ ಹತ್ತೂಕಾಲು ದಾಟುವವರೆಗೆ ಚಿತ್ರ ತೆಗೆದೆ. ವಿಮಾನದ ಗೆರೆ ಬಿದ್ದವನ್ನೂ ತೆಳುಮೋಡ ಹಾದವನ್ನೂ ಕಿತ್ತು ಹಾಕಿದ ಮೇಲೆ 288 ಉಳಿದವು. ಈ ಸಲ ಮೂರು ಹೋಲಿಕೆ ನಕ್ಷತ್ರ, ಎರಡು ಪರೀಕ್ಷೆಯ ನಕ್ಷತ್ರ. ಪರೀಕ್ಷೆಯವು ಎರಡೂ ಸಪಾಟಾಗಿ ನಿಂತವು. ಎಚ್‌ಡಿ 189733 ಮಾತ್ರ ಇಳಿಯಿತು. ಇಳಿತ ಶೇ. 2.1, ಅದರಲ್ಲಿ 0.4ರಷ್ಟು ಆಚೀಚೆ ಇರಬಹುದು. ನಡುಘಳಿಗೆ ಎಂಟು ನಲವತ್ತೆರಡು. ಲೆಕ್ಕದ ಪ್ರಕಾರ ಎಂಟು ಮೂವತ್ತೊಂಬತ್ತು.

ಅಮ್ಮ ಸ್ವೆಟರ್ ಹಾಕಿಕೊಂಡು ಮೇಲೆ ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಈ ಬೆಳಕು ಅಲ್ಲಿಂದ ಹೊರಟಾಗ ಅವರಿಗೆ ಹದಿಮೂರೋ ಹದಿನಾಲ್ಕೋ ವರ್ಷ, ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಅದನ್ನು ಕೇಳಿ ತುಂಬ ಹೊತ್ತು ಮೇಲೆ ನೋಡುತ್ತ ಕುಳಿತರು. ಆಮೇಲೆ, "ಅಲ್ಲಿ ಯಾರಾದರೂ ಇರಬಹುದೇ?"

ಇಲ್ಲ, ಅಲ್ಲಿ ಇರಲಾರರು. ಆ ಗ್ರಹ ತನ್ನ ನಕ್ಷತ್ರಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಬಲ್ ದೂರದರ್ಶಕ ಅದರ ಬಣ್ಣ ಕಡುನೀಲಿ ಎಂದು 2013ರಲ್ಲಿ ತೋರಿಸಿತು, ಆದರೆ ಆ ನೀಲಿ ಕಡಲಿನದಲ್ಲ. ಗಾಜಿನಂಥ ಸಿಲಿಕೇಟ್ ಕಣಗಳು ಬೆಳಕನ್ನು ಚದುರಿಸುವುದರಿಂದ ಹಾಗೆ ಎಂದು ಭಾವಿಸಲಾಗಿದೆ. 2024ರಲ್ಲಿ ವೆಬ್ ಅಲ್ಲಿ ಹೈಡ್ರೋಜನ್ ಸಲ್ಫೈಡನ್ನು ಗುರುತಿಸಿತು, ಕೊಳೆತ ಮೊಟ್ಟೆಯ ವಾಸನೆಯ ಅನಿಲ. 65 ವರ್ಷ ಪಯಣಿಸಿ ಬಂದ ಬೆಳಕಿನಿಂದ ಅಲ್ಲಿನ ಗಾಳಿಯ ವಾಸನೆ ಏನಿರಬಹುದೆಂದು ಹೇಳಬಲ್ಲೆವು ಎಂಬುದು ನನಗೆ ಇನ್ನೂ ಅರಗದ ವಿಸ್ಮಯ.

ಅಕ್ಟೋಬರ್ 26

ಮೋಡ. ಕ್ಯಾಮೆರಾ ಹೊರಗೆ ತರಲೇ ಇಲ್ಲ. ಆ ಸಂಜೆ ಕಾಗದದ ಮೇಲೆ ಇನ್ನೊಂದು ಲೆಕ್ಕ ಮಾಡಿದೆ. ಬೇರೊಂದು ನಕ್ಷತ್ರದ ಬಳಿ ನನ್ನಂಥವರು ಯಾರೋ ಕುಳಿತು ನಮ್ಮ ಸೂರ್ಯನನ್ನು ಅಳೆಯುತ್ತಿದ್ದರೆ, ಭೂಮಿ ಅಡ್ಡ ಬಂದಾಗ ಅವರಿಗೆ ಎಷ್ಟು ಇಳಿತ ಕಾಣಬೇಕು? ಭೂಮಿಯ ತ್ರಿಜ್ಯ 6,371 ಕಿ.ಮೀ., ಸೂರ್ಯನದು ಸುಮಾರು 6,96,000 ಕಿ.ಮೀ. ಭಾಗಿಸಿ ವರ್ಗ ಮಾಡಿದರೆ ಶೇ. 0.0084. ನನ್ನ ಬಿಂದುಗಳ ನಡುಕ ಅದರ ನಲವತ್ತು ಪಟ್ಟಿಗಿಂತ ಹೆಚ್ಚು. ಅಂದರೆ ನನ್ನ ಕ್ಯಾಮೆರಾದ ಮುಂದೆ ಇಡೀ ಭೂಮಿ, ಕಾವೇರಿ, ಪಶ್ಚಿಮ ಘಟ್ಟ ಸಮೇತ, ಹಾದುಹೋದರೂ ಗ್ರಾಫ್ ಅಲ್ಲಾಡದು. ಅಲ್ಲಿಂದ ಮುಂದೆ, ಆ ಭೂಮಿಯ ಸುತ್ತಲಿನ ತೆಳು ವಾತಾವರಣದಲ್ಲಿ ಆಮ್ಲಜನಕ ಇದೆಯೇ ಎಂದು ಹುಡುಕಬೇಕಾದದ್ದು ಈ ಇಳಿತದೊಳಗಿನ ಇನ್ನೂ ಸಣ್ಣ ಇಳಿತದಲ್ಲಿ.

ಚಿಕ್ಕ ನಕ್ಷತ್ರವಾದರೆ ಲೆಕ್ಕ ಹಗುರವಾಗುತ್ತದೆ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ಗುರುವಿಗಿಂತ ತುಸುವೇ ದೊಡ್ಡದು. ಅದರ ಏಳು ಗ್ರಹಗಳಲ್ಲಿ ಒಳಗಿನದು, ಭೂಮಿಯಷ್ಟೇ ಗಾತ್ರದ್ದು, ಶೇ. 0.7ರಷ್ಟು ಬೆಳಕನ್ನು ಮರೆಮಾಡುತ್ತದೆ. ಆದರೆ ಆ ನಕ್ಷತ್ರ ನನ್ನ ಲೆನ್ಸಿಗೆ ಕಾಣದಷ್ಟು ಮಂಕು. ವೆಬ್ ಆ ಒಳಗ್ರಹವನ್ನು ನೋಡಿದಾಗ ವಾತಾವರಣ ಇದ್ದಂತೆ ಕಾಣಲಿಲ್ಲ. ಹೊರಗಿನ ಗ್ರಹಗಳ ಕೆಲಸ ನಡೆಯುತ್ತಿದೆ. ನನ್ನ ಆಸೆ ಆ ಹೊರಗಿನವುಗಳ ಮೇಲಿದೆ, ಮುಚ್ಚಿಡುವುದಿಲ್ಲ.

ನವೆಂಬರ್ 15

ಕತ್ತಲಾಗುವ ಹೊತ್ತಿಗೆ ಸಂಕ್ರಮಣದ ಮೊದಲ ಭಾಗ ಮುಗಿದಿತ್ತು. ಆರು ನಲವತ್ತೈದಕ್ಕೆ ಆರಂಭಿಸಿ ಒಂಬತ್ತರವರೆಗೆ. ಚಂದ್ರನಿಲ್ಲ, ಮೋಡವಿಲ್ಲ. ಏಳೂವರೆ ದಾಟಿದ ಮೇಲೆ ಸಾಲು ಏರತೊಡಗಿ ಎಂಟಕ್ಕೆ ಮಟ್ಟವಾಯಿತು; ಅಕ್ಟೋಬರ್‌ನ ಏರಿಕೆಯ ಮೇಲೆ ಇದನ್ನು ಇಟ್ಟರೆ ಒಂದರ ಮೇಲೊಂದು ಕೂರುತ್ತದೆ. ಇದು ಬೇಕಿತ್ತು. ಒಮ್ಮೆ ಕಂಡದ್ದು ಆಕಸ್ಮಿಕವಿರಬಹುದು. ನಲವತ್ತು ದಿನಗಳ ನಂತರ, ಹದಿನೆಂಟು ಸುತ್ತು ಮುಗಿಸಿ, ಹೇಳಿದ ಹೊತ್ತಿಗೆ ಅದು ಮತ್ತೆ ಅಲ್ಲೇ ಇತ್ತು.

ಮೇಷ್ಟ್ರು ತಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು, ಏಳನೆಯ ತರಗತಿ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಿಂದ ಉಪಗ್ರಹದ ಮೂಲಕ ನಡೆಸುತ್ತಾರೆಂದು ಹೇಳಿದಾಗ ಅವಳು ಮೊದಲು ನಂಬಲಿಲ್ಲ. ಆಮೇಲೆ ಎರಡೂ ರಾತ್ರಿಗಳ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ಕೇಳಿದಳು. ನನ್ನ ಉತ್ತರವನ್ನು ತೋರಿಸದೆ, ಸೆಪ್ಟೆಂಬರ್‌ನ ಚಿತ್ರಗಳನ್ನೂ ಸೇರಿಸಿ ಕೊಟ್ಟಿದ್ದೇನೆ. ಮೂರರಲ್ಲಿ ಯಾವುದರಲ್ಲಿ ಗ್ರಹ ಕಂಡಿಲ್ಲ ಎಂದು ಅವಳೇ ಹುಡುಕಬೇಕು. ಕ್ರಿಸ್‌ಮಸ್ ರಜೆಯವರೆಗೆ ಸಮಯ ಕೇಳಿದ್ದಾಳೆ.