ಏಣಿ ಬಿಚ್ಚಿದ ಮೇಲೆ

ನಮ್ಮ ಮೋಟರ್‌ಹೋಮ್‌ನ (ಒಳಗೇ ವಾಸ ಮಾಡುವ ಗಾಡಿ) ಹಿಂದೆ ಚಾವಣಿ ಹತ್ತಲು ಇದ್ದ ಏಣಿಯನ್ನು ಕೊನೆಗೂ ಬಿಚ್ಚಿ ಹಾಕಿದೆ. ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ ಹಳೇ ಗಾಡಿ, ಇರುವುದು ಅರಿಝೋನಾದ ಟೂಸಾನ್‌ನಲ್ಲಿ. ಅಲ್ಯೂಮಿನಿಯಂ ಏಣಿ ನೋಡೋಕೆ ಚೆಂದ. ಆದರೆ ಅದನ್ನು ನಿಲ್ಲಿಸಿದ್ದು ಗೋಡೆಗೆ ಸ್ಕ್ರೂ ಹೊಡೆದು. ಹತ್ತಿ ಇಳಿದಾಗೆಲ್ಲ ಸ್ಕ್ರೂ ಅಲುಗುತ್ತದೆ, ನೀರು ತಡೆಯಲು ಹಚ್ಚಿದ ಸೀಲೆಂಟ್ ಬಿರಿಯುತ್ತದೆ, ಇಲ್ಲಿನ ಜುಲೈ ಮಳೆ ಸೀದಾ ಒಳಗೆ ಹೋಗುತ್ತದೆ.

ಬಿಚ್ಚುವುದು ಸುಲಭ, ಕೆಳಗೆ ಹಿಡಿದುಕೊಳ್ಳಲು ಒಬ್ಬರಿದ್ದರೆ ಸಾಕು. ಕಷ್ಟ ಇರುವುದು ಆಮೇಲೆ. ಏಣಿಯ ಕೆಳಗೆ ನೀರು ಹೋಗದಂತೆ ಹಾಕಿದ ಹಳೇ ಬ್ಯೂಟೈಲ್ ಟೇಪ್ (ರಬ್ಬರಿನಂಥ ಅಂಟು ಪಟ್ಟಿ) ಬಬಲ್‌ಗಮ್ ಥರ ಅಂಟಿರುತ್ತದೆ. ಹೀಟ್ ಗನ್‌ನಿಂದ ಸ್ವಲ್ಪವೇ ಬಿಸಿ ಮಾಡಿ ಪ್ಲಾಸ್ಟಿಕ್ ತುಂಡಿನಿಂದ ಕೆರೆಯಬೇಕು. ಚಾಕು ಬೇಡ, ಫೈಬರ್‌ಗ್ಲಾಸ್‌ಗೆ ಗೀರು ಬೀಳುತ್ತದೆ. ಕೆಳಗಿನ ಎಡಗಡೆ ಸ್ಕ್ರೂ ತುಕ್ಕು ಹಿಡಿದಿತ್ತು, ಸುತ್ತ ಕಂದು ಕಲೆ. ತೂತಿಗೆ ಕಡ್ಡಿ ಹಾಕಿ ಚುಚ್ಚಿ ನೋಡಿದೆ. ಪುಣ್ಯಕ್ಕೆ ಒಳಗಿನ ಮರ ಗಟ್ಟಿಯಾಗಿಯೇ ಇತ್ತು. ಚೆನ್ನಾಗಿ ಒಣಗಲು ಬಿಟ್ಟು ತೂತಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬಿದೆ. ಸಿಲಿಕೋನ್ ಮಾತ್ರ ಹಾಕಬೇಡಿ. ಅದರ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ.

"ಮತ್ತೆ ಚಾವಣಿ ಮೇಲಿನ ಸೋಲಾರ್ ಪ್ಯಾನೆಲ್ ಒರೆಸೋಕೆ ಏನ್ ಮಾಡ್ತೀಯಪ್ಪಾ?" ಅಂತ ಅಣ್ಣ ಕೇಳಿದ. ಮಡಚುವ ಏಣಿ ಇದೆಯಲ್ಲ, ಬೇಕಾದಾಗ ಹೊರಗೆ ತೆಗೆದರಾಯ್ತು. ನಾವಿಲ್ಲದಾಗ ಯಾರೋ ಸುಮ್ನೆ ಚಾವಣಿ ಹತ್ತುವ ಭಯವೂ ಕಡಿಮೆ.